ಡಿಸ್ಕ್ ಕೆಟ್ಟಿದೆಯೋ, ಪೆಟ್ಟಿಗೆ ಕೆಟ್ಟಿದೆಯೋ: ಹೊಸ ನಾಸ್‌ನ ದೋಷ ಹುಡುಕುವ ಮೂರು ದಾರಿಗಳ ಹೋಲಿಕೆ

ಎರಡು ಡಿಸ್ಕ್ ಹಿಡಿಯುವ ಹೊಸ ನಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿ ಕಡತಗಳನ್ನು ಇಡುವ ಪೆಟ್ಟಿಗೆ), ಅದರೊಳಗೆ ತಲಾ 4 ಟಿಬಿಯ ಎರಡು ಹೊಸ ಡಿಸ್ಕ್. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ಇರುವಂತೆ ರೈಡ್ 1 ಜೋಡಣೆ ಮಾಡಿ, ಹಲವು ವರ್ಷಗಳ ಫೋಟೋಗಳನ್ನು ನಕಲು ಮಾಡಲು ಹಚ್ಚಿದೆ. ಆರಂಭದಲ್ಲಿ ಸೆಕೆಂಡಿಗೆ 110 ಎಂಬಿ ವೇಗವಿತ್ತು. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ವೇಗ ಸೊನ್ನೆಗೆ ಬಿದ್ದು, ಅರ್ಧ ನಿಮಿಷ ಹಾಗೆಯೇ ನಿಂತು, ಮತ್ತೆ ಚೇತರಿಸಿಕೊಂಡಿತು. ರಾತ್ರಿಯ ಹೊತ್ತಿಗೆ ಎರಡನೇ ಡಿಸ್ಕ್ ಪಟ್ಟಿಯಿಂದಲೇ ಮಾಯವಾಗಿತ್ತು. ಯಂತ್ರವನ್ನು ಆರಿಸಿ ಹಚ್ಚಿದರೆ ಅದು ಮರಳಿ ಬಂತು, ಮೊದಲ ಡಿಸ್ಕ್‌ನಲ್ಲಿರುವುದನ್ನು ಅದಕ್ಕೆ ಮತ್ತೆ ತುಂಬುವ ಮರುಜೋಡಣೆ ಶುರುವಾಯಿತು, ಮುಗಿಯುವ ಮೊದಲೇ ಮತ್ತೆ ಕಳಚಿಕೊಂಡಿತು.

ಮೊದಲು ಅನುಮಾನ ಹೋದದ್ದು ನೆಟ್‌ವರ್ಕ್ ಮೇಲೆ. ಅದನ್ನು ಬೇಗ ಬದಿಗಿಡಬಹುದು. ಗಿಗಾಬಿಟ್ ಸಂಪರ್ಕಕ್ಕೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಸರಿಯಿರಬೇಕು. ಒಂದು ಜೋಡಿ ತುಂಡಾದರೂ ಸಂಪರ್ಕ ಸಾಮಾನ್ಯವಾಗಿ 100 ಮೆಗಾಬಿಟ್‌ಗೆ ಇಳಿಯುತ್ತದೆ, ಆಗ ನಕಲಿನ ವೇಗ ಸೆಕೆಂಡಿಗೆ 11 ಅಥವಾ 12 ಎಂಬಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ನನ್ನಲ್ಲಿ ಹಾಗಿರಲಿಲ್ಲ. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ತಂತ್ರಾಂಶ ಓಡಿಸಿದಾಗ 940 ಮೆಗಾಬಿಟ್ ಸಿಕ್ಕಿತು, ಎದುರು ದಿಕ್ಕಿನಲ್ಲಿಯೂ ಅಷ್ಟೇ. ಈ ಪರೀಕ್ಷೆ ಡಿಸ್ಕನ್ನು ಮುಟ್ಟುವುದೇ ಇಲ್ಲ, ತಂತಿಯ ಮಾತನ್ನಷ್ಟೇ ಹೇಳುತ್ತದೆ. ಹಾಗಾಗಿ ತಂತಿ ನಿರಪರಾಧಿ ಎಂದು ನಂಬಿದೆ.

ಸಹಾಯವಾಣಿಯವರು ಸೂಚಿಸಿದ್ದು ಫರ್ಮ್‌ವೇರ್ (ನಾಸ್‌ನೊಳಗಿನ ಮೂಲ ತಂತ್ರಾಂಶ) ನವೀಕರಣ, ಆಮೇಲೆ ಕಾರ್ಖಾನೆ ಸ್ಥಿತಿಗೆ ಮರಳಿಸುವ ರಿಸೆಟ್. ನವೀಕರಣ ಮಾಡಿದೆ, ಏನೂ ಬದಲಾಗಲಿಲ್ಲ. ರಿಸೆಟ್ ಮಾಡಲು ನಾನು ಒಪ್ಪಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುವುದು ಒಂದು ಕಡೆ, ರಿಸೆಟ್ ಮಾಡಿದರೆ ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ಘಟನೆಗಳ ದಾಖಲೆ, ಅಳಿಸಿಹೋಗುವ ಭಯ ಇನ್ನೊಂದು ಕಡೆ. ದೋಷಕ್ಕೆ ಇರುವ ಒಂದೇ ಸಾಕ್ಷಿ ಅದು. ಯಾರು ಏನೇ ಹೇಳಲಿ, ಮೊದಲು ಲಾಗನ್ನು ಇಳಿಸಿಕೊಂಡು ಬೇರೆ ಕಡೆ ಇಟ್ಟುಕೊಳ್ಳಿ. ನನ್ನ ಲಾಗ್‌ನಲ್ಲಿ ಎರಡನೇ ಸಾಟಾ ಸಂಪರ್ಕವನ್ನು (ಡಿಸ್ಕ್ ಯಂತ್ರಕ್ಕೆ ಕೂಡುವ ದಾರಿ) ಪದೇ ಪದೇ ರಿಸೆಟ್ ಮಾಡಿದ ಸಾಲುಗಳಿದ್ದವು. ಕೊನೆಗೆ ಅದರ ವೇಗವನ್ನು 6 ಗಿಗಾಬಿಟ್‌ನಿಂದ 3ಕ್ಕೆ ಇಳಿಸಿದ ಸಾಲೂ ಇತ್ತು. ನಾಸ್‌ನೊಳಗೆ ಓಡುವ ಲಿನಕ್ಸ್ ಹೀಗೆ ವೇಗ ಇಳಿಸುವುದು ಆ ದಾರಿಯಲ್ಲಿ ತಪ್ಪುಗಳು ಮರುಕಳಿಸುತ್ತಿದ್ದಾಗ.

ಅಂದರೆ ಕಾಯಿಲೆ ಎರಡನೇ ಡಿಸ್ಕ್‌ನಲ್ಲಿ ಇರಬೇಕು, ಇಲ್ಲವೇ ಅದು ಕೂತಿರುವ ಸ್ಲಾಟ್‌ನಲ್ಲಿ ಇರಬೇಕು. ಯಾವುದು ಎಂದು ತಿಳಿಯಲು ಮೂರು ದಾರಿಗಳನ್ನು ಒಂದಾದ ಮೇಲೆ ಒಂದರಂತೆ ಹಿಡಿದೆ.

ಮೊದಲನೆಯದು ನಾಸ್ ತಾನೇ ಕೊಡುವ ಆರೋಗ್ಯ ವರದಿ. ಎರಡೂ ಡಿಸ್ಕ್‌ಗಳ ಮುಂದೆ ಹಸಿರು ಗುರುತು, 'ಉತ್ತಮ' ಎಂಬ ಒಕ್ಕಣೆ. ಈ ಹಸಿರನ್ನು ನಾನು ನಂಬುವುದಿಲ್ಲ, ಅದಕ್ಕೆ ಕಾರಣವಿದೆ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕ್‌ಗಳ ಪೈಕಿ ಶೇ. 56ಕ್ಕೂ ಹೆಚ್ಚು ಡಿಸ್ಕ್‌ಗಳಲ್ಲಿ ಸ್ಮಾರ್ಟ್ ಮಾಪನದ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದೂ ಕಂಡಿರಲಿಲ್ಲ. ಇಷ್ಟಾದರೂ ನಾಸ್‌ನ ಆರೋಗ್ಯ ವರದಿಯ ಒಳಪುಟದಲ್ಲಿರುವ ಕೋಷ್ಟಕ ಬಹಳ ಬೆಲೆಯುಳ್ಳದ್ದು. 5ನೇ ಸಾಲು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳನ್ನು (ಡಿಸ್ಕ್‌ನ ಚಿಕ್ಕ ಚಿಕ್ಕ ತುಣುಕುಗಳು) ಎಣಿಸುತ್ತದೆ, 197ನೇ ಸಾಲು ಓದಲಾಗದೆ ಬಾಕಿ ಉಳಿದವನ್ನು. ಎರಡೂ ಡಿಸ್ಕ್‌ಗಳಲ್ಲಿ ಇವು ಸೊನ್ನೆಯಾಗಿದ್ದವು. 199ನೇ ಸಾಲು ಮಾತ್ರ ಬೇರೆ ಕಥೆ ಹೇಳಿತು. ಅದು ಸಿಆರ್‌ಸಿ ತಪ್ಪುಗಳ ಎಣಿಕೆ: ಡಿಸ್ಕ್ ಮತ್ತು ಯಂತ್ರದ ನಡುವಿನ ದಾರಿಯಲ್ಲಿ ಎಷ್ಟು ಬಾರಿ ದತ್ತಾಂಶ ಕೆಟ್ಟು ತಲುಪಿತು ಎಂಬ ಲೆಕ್ಕ. ಮೊದಲ ಡಿಸ್ಕ್‌ನಲ್ಲಿ 0, ಎರಡನೆಯದರಲ್ಲಿ 41. ಒಟ್ಟು ತೀರ್ಪು ಹಸಿರಾಗಿಯೇ ಇದ್ದುದರಲ್ಲಿ ಆಶ್ಚರ್ಯವಿಲ್ಲ. ತೀರ್ಪು ನಿಲ್ಲುವುದು ತಯಾರಕರು ಹಾಕಿದ ಮಿತಿಯ ಮೇಲೆ, 41 ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ಅದೇ ಪುಟದಿಂದ ವಿಸ್ತೃತ ಪರೀಕ್ಷೆಯನ್ನೂ ಹಚ್ಚಿದೆ. ಸುಮಾರು ಎಂಟು ಗಂಟೆ ಹಿಡಿಯಿತು, ಎರಡೂ ಡಿಸ್ಕ್‌ಗಳು ಪಾಸಾದವು. ಇಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ವಿಸ್ತೃತ ಪರೀಕ್ಷೆ ನಡೆಯುವುದು ಡಿಸ್ಕ್‌ನ ಒಳಗೇ. ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ಓದಿಕೊಳ್ಳುತ್ತದೆ, ಓದಿದ ದತ್ತಾಂಶ ಕನೆಕ್ಟರ್ ದಾಟಿ ಹೊರಗೆ ಬರುವುದೇ ಇಲ್ಲ. ಆದ್ದರಿಂದ ಕನೆಕ್ಟರ್ ಸಡಿಲವಾಗಿದ್ದರೂ, ಸ್ಲಾಟ್ ಹಾಳಾಗಿದ್ದರೂ ಪರೀಕ್ಷೆ ಪಾಸೇ.

ಎರಡನೆಯ ದಾರಿ, ಡಿಸ್ಕನ್ನು ಹೊರತೆಗೆದು ಡೆಸ್ಕ್‌ಟಾಪ್ ಕಂಪ್ಯೂಟರಿನ ಸಾಟಾ ಕೇಬಲ್‌ಗೆ ನೇರವಾಗಿ ಜೋಡಿಸಿ ಪರೀಕ್ಷಿಸುವುದು. ಡಿಸ್ಕನ್ನು ಯುಎಸ್‌ಬಿ ಮೂಲಕ ಕೂಡಿಸುವ ಡಾಕ್ ಬಳಸಬಹುದಿತ್ತು, ಆದರೆ ಕೆಲವು ಡಾಕ್‌ಗಳು ಸ್ಮಾರ್ಟ್ ವಿವರಗಳನ್ನು ದಾಟಿಸುವುದಿಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್ ಪರೀಕ್ಷಿಸುವ ಬ್ಯಾಡ್‌ಬ್ಲಾಕ್ಸ್ ತಂತ್ರಾಂಶವನ್ನು ಬರೆಯುವ ವಿಧಾನದಲ್ಲಿ ಓಡಿಸಿದೆ. ಅದು ನಾಲ್ಕು ಬಗೆಯ ವಿನ್ಯಾಸಗಳನ್ನು ಡಿಸ್ಕ್ ತುಂಬ ಬರೆದು, ಪ್ರತಿ ಬಾರಿಯೂ ಓದಿ ತಾಳೆ ನೋಡುತ್ತದೆ. ಅಂದರೆ ಡಿಸ್ಕ್‌ನ ಉದ್ದಗಲಕ್ಕೆ ಎಂಟು ಸುತ್ತು. ಇದರಲ್ಲಿ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮರೆಯಬಾರದು. ಎರಡನೇ ಡಿಸ್ಕ್ ಹೇಗಿದ್ದರೂ ಜೋಡಣೆಯಿಂದ ಹೊರಬಿದ್ದಿದ್ದರಿಂದ ನನಗೆ ನಷ್ಟವಿರಲಿಲ್ಲ. ಎರಡೂವರೆ ದಿನ ಕಂಪ್ಯೂಟರ್ ಆ ಒಂದೇ ಕೆಲಸದಲ್ಲಿ ಮುಳುಗಿತ್ತು. ಒಂದು ತಪ್ಪೂ ಸಿಗಲಿಲ್ಲ, 199ನೇ ಸಾಲು 41ರಲ್ಲಿಯೇ ನಿಂತಿತು.

ಈ ಫಲಿತಾಂಶದ ಮೇಲೆ ನನಗೆ ಪೂರ್ಣ ಭರವಸೆಯಿದೆ, ಏಕೆಂದರೆ ಇಲ್ಲಿ ಪ್ರತಿ ಬೈಟ್ ಕನೆಕ್ಟರ್ ದಾಟಿ ಹೋಗಿ ಬಂದಿದೆ. ಆದರೆ ಅದು ಬಿಡುಗಡೆ ಮಾಡಿದ್ದು ಡಿಸ್ಕನ್ನು ಮಾತ್ರ. ತಪ್ಪಿತಸ್ಥ ಸ್ಲಾಟೋ, ನಾಸ್‌ಗೆ ವಿದ್ಯುತ್ ಕೊಡುವ ಅಡಾಪ್ಟರೋ, ಎರಡು ಡಿಸ್ಕ್ ಒಟ್ಟಿಗೆ ತಿರುಗಿದಾಗ ಬೀಳುವ ವಿದ್ಯುತ್ ಹೊರೆಯೋ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಮೂರನೆಯದು ಅದಲುಬದಲು. ಯಾವ ತಂತ್ರಾಂಶವೂ ಬೇಡ, ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸಬೇಕು, ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು. ಯಂತ್ರವನ್ನು ಪೂರ್ತಿ ಆರಿಸಿ, ಸರಿಯಿದ್ದ ಮೊದಲ ಡಿಸ್ಕನ್ನು ಎರಡನೇ ಸ್ಲಾಟ್‌ಗೆ, ಎರಡನೆಯದನ್ನು ಮೊದಲ ಸ್ಲಾಟ್‌ಗೆ ಹಾಕಿದೆ. ದೊಡ್ಡ ಕಡತಗಳನ್ನು ಒಂದು ಗಂಟೆ ನಕಲು ಮಾಡಿಸಿದೆ. ಅಲ್ಲಿಯವರೆಗೆ ಸೊನ್ನೆಯಾಗಿದ್ದ ಡಿಸ್ಕ್‌ನ ಎಣಿಕೆ 17ಕ್ಕೆ ಏರಿತು. ಕಾಯಿಲೆಯೆಂದು ದೂರಲಾಗಿದ್ದ ಡಿಸ್ಕ್ 41ರಿಂದ ಅಲುಗಲಿಲ್ಲ. ದೋಷ ಡಿಸ್ಕ್‌ನ ಜೊತೆ ಹೋಗಲಿಲ್ಲ, ಸ್ಲಾಟ್‌ನಲ್ಲಿಯೇ ಉಳಿಯಿತು. ಆಮೇಲೆ ಮೊದಲ ಸ್ಲಾಟ್ ಖಾಲಿ ಬಿಟ್ಟು ಎರಡನೆಯದರಲ್ಲಿ ಒಂದೇ ಡಿಸ್ಕ್ ಇಟ್ಟು ಓಡಿಸಿದೆ: 23. ಹೊರೆ ಅರ್ಧವಾದರೂ ತಪ್ಪು ನಿಲ್ಲಲಿಲ್ಲ. ಕೊನೆಗೆ 12 ವೋಲ್ಟ್, 5 ಆಂಪಿಯರ್‌ನ ಅದೇ ಬಗೆಯ ಇನ್ನೊಂದು ಅಡಾಪ್ಟರ್ ಎರವಲು ತಂದು ಜೋಡಿಸಿದೆ: 29. ಒಂದೇ ಸಂಜೆಯಲ್ಲಿ ಉತ್ತರ ಸಿಕ್ಕಿತು. ಎರಡನೇ ಸ್ಲಾಟ್‌ನ ಕನೆಕ್ಟರ್, ಇಲ್ಲವೇ ಅದರ ಹಿಂದಿನ ಬೋರ್ಡ್.

ವೇಗ ಯಾಕೆ ಬೀಳುತ್ತಿತ್ತು ಎಂಬುದೂ ಆಗ ಹೊಳೆಯಿತು. ಸಿಆರ್‌ಸಿ ತಾಳೆಯಾಗದ ದತ್ತಾಂಶವನ್ನು ಮತ್ತೆ ಕಳುಹಿಸಲಾಗುತ್ತದೆ, ಹಾಗಾಗಿ ಕಡತ ಕೆಡುವುದಿಲ್ಲ, ತಡವಾಗುತ್ತದೆ. ನಕಲಾದ ಫೋಟೋಗಳನ್ನು ಶಾ-256 (ಕಡತದ ಬೆರಳಚ್ಚಿನಂಥ ಸಂಖ್ಯೆ) ಮೂಲಕ ಮೂಲದೊಂದಿಗೆ ಹೋಲಿಸಿದೆ, ಎಲ್ಲವೂ ತಾಳೆಯಾದವು. ತಾಳೆಯಾಗದಿದ್ದರೆ ನಾನು ಸ್ಲಾಟ್ ಬಿಟ್ಟು ಮೆಮೊರಿಯನ್ನು ಅನುಮಾನಿಸುತ್ತಿದ್ದೆ.

ಮೂರರಲ್ಲಿ ನನ್ನ ಮತ ಅದಲುಬದಲಿಗೆ. ಡಿಸ್ಕ್, ಸ್ಲಾಟ್, ಅಡಾಪ್ಟರ್ ಮೂರನ್ನೂ ಬೇರೆ ಬೇರೆಯಾಗಿ ವಿಚಾರಿಸಲು ಬಿಟ್ಟದ್ದು ಅದೊಂದೇ. ಆದರೆ ಅದರ ಅಪಾಯವೂ ಎಲ್ಲಕ್ಕಿಂತ ದೊಡ್ಡದು. ಕೆಟ್ಟ ಸ್ಲಾಟ್‌ಗೆ ನಾನು ಹಾಕಿದ್ದು ನಾಸ್‌ನೊಳಗೆ ಉಳಿದಿದ್ದ ಏಕೈಕ ಒಳ್ಳೆಯ ಪ್ರತಿಯನ್ನು. ಮೂಲ ಫೋಟೋಗಳು ಹಳೆಯ ಡಿಸ್ಕ್‌ನಲ್ಲಿ ಹಾಗೆಯೇ ಇದ್ದುದರಿಂದ ಮಾತ್ರ ಆ ಧೈರ್ಯ ಬಂತು. ಮೂಲ ಇಲ್ಲದವರು ಅದಲುಬದಲಿಗೆ ಕೈಹಾಕಬಾರದು. ಮೊದಲು ಒಳ್ಳೆಯ ಡಿಸ್ಕನ್ನು ಹೊರತೆಗೆದು ಬೇರೆ ಕಂಪ್ಯೂಟರಿನಲ್ಲಿ ಅದರ ಪ್ರತಿ ಮಾಡಿಕೊಳ್ಳಬೇಕು. ಹಲವು ನಾಸ್‌ಗಳ ಒಳಗಿರುವುದು ಲಿನಕ್ಸ್‌ನ ಎಂಡಿಎಡಿಎಂ ಎಂಬ ತಂತ್ರಾಂಶದ ರೈಡ್ ಜೋಡಣೆಯೇ, ಅಂಥವನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಓದಬಹುದು. ಎರಡೂವರೆ ದಿನದ ಬ್ಯಾಡ್‌ಬ್ಲಾಕ್ಸ್ ನನ್ನ ಪ್ರಕರಣದಲ್ಲಿ ಅಗತ್ಯವಿರಲಿಲ್ಲ, 199ನೇ ಸಾಲು ಹತ್ತು ನಿಮಿಷದಲ್ಲೇ ಸ್ಲಾಟ್‌ನತ್ತ ಬೆರಳು ತೋರಿಸಿತ್ತು. 5 ಅಥವಾ 197ನೇ ಸಾಲಿನಲ್ಲಿ ಸಂಖ್ಯೆ ಏರುತ್ತಿದ್ದರೆ ಕಂಪ್ಯೂಟರಿಗೆ ಜೋಡಿಸುವ ದಾರಿಯನ್ನೇ ಮೊದಲು ಹಿಡಿಯುತ್ತಿದ್ದೆ.

ಲಾಗ್ ಮತ್ತು ಅದಲುಬದಲಿನ ಸಂಖ್ಯೆಗಳನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿದ ಮೇಲೆ ಸಹಾಯವಾಣಿಯವರು ರಿಸೆಟ್ ಮಾತು ಎತ್ತಲಿಲ್ಲ, ವಾರಂಟಿಯಲ್ಲಿ ಪೆಟ್ಟಿಗೆ ಬದಲಾಯಿತು. ಡಿಸ್ಕ್‌ಗಳು ಅವೇ. 199ನೇ ಸಾಲಿನ ಎಣಿಕೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಆದ್ದರಿಂದ ಎರಡಕ್ಕೂ ಚೀಟಿ ಅಂಟಿಸಿ 29, 41 ಎಂದು ದಿನಾಂಕದೊಂದಿಗೆ ಬರೆದಿದ್ದೇನೆ. ಬದಲಿ ಪೆಟ್ಟಿಗೆಯಲ್ಲಿ ಮರುಜೋಡಣೆ ಒಂದೇ ಓಟಕ್ಕೆ ಮುಗಿಯಿತು. ಮರುದಿನ ಬೆಳಿಗ್ಗೆ ಕೋಷ್ಟಕ ತೆರೆದು ನೋಡಿದಾಗ ಅಲ್ಲಿಯೂ 29 ಮತ್ತು 41 ಇದ್ದವು.