ಜೋಳದ ಎಲೆಗೆ ಎರಡು ಆಯಾಮದ ಜೆಲ್: ಪುಣೆಯ ಒಂದು ಸೇವೆಯ ವಿಮರ್ಶೆ

ನೀರಿನ ಕೊರತೆಯಾದಾಗ ಮಾಲದಂಡಿ ಜೋಳದ ಎಲೆಯಲ್ಲಿ ಯಾವ ಪ್ರೋಟೀನುಗಳು ಹೆಚ್ಚುತ್ತವೆ, ಯಾವುವು ಕುಗ್ಗುತ್ತವೆ ಎಂದು ತಿಳಿಯುವ ಕೆಲಸಕ್ಕಾಗಿ ಪುಣೆಯ ಒಂದು ಖಾಸಗಿ ಪ್ರಯೋಗಾಲಯದ ಜೆಲ್ ಸೇವೆಯನ್ನು ಈ ವರ್ಷ ಬಳಸಿದೆ. ಧಾರವಾಡ, ವಿಜಯಪುರದ ಕಡೆಯಿಂದ ಇಲ್ಲಿಗೆ ಸಂಶೋಧನೆಗೆ ಬಂದಿರುವ ನಮ್ಮ ವಿದ್ಯಾರ್ಥಿಗಳು ಇದರ ಬಗ್ಗೆ ಪದೇ ಪದೇ ವಿಚಾರಿಸುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಜೆಲ್ ಎಂಬ ಲೋಳೆಯಂಥ ಪದರದಲ್ಲಿ ವಿದ್ಯುತ್ ಹಾಯಿಸಿ, ಪ್ರೋಟೀನುಗಳನ್ನು ಮೊದಲು ಅವುಗಳ ವಿದ್ಯುದಾವೇಶ ಶೂನ್ಯವಾಗುವ ಪಿಎಚ್‌ಗೆ ತಕ್ಕಂತೆ, ಬಳಿಕ ಎಸ್‌ಡಿಎಸ್ ಎಂಬ ಮಾರ್ಜಕವಿರುವ ಜೆಲ್‌ನಲ್ಲಿ ಅಣುತೂಕಕ್ಕೆ ತಕ್ಕಂತೆ ಬೇರ್ಪಡಿಸುವ ಈ ವಿಧಾನವನ್ನು ಪ್ಯಾಟ್ರಿಕ್ ಓ'ಫಾರೆಲ್ 1975ರಲ್ಲಿ ಪ್ರಕಟಿಸಿದರು. ಹಳೆಯದೆಂದು ಇದನ್ನು ಬದಿಗಿಡುವವರಿದ್ದಾರೆ. ಆದರೆ ಒಂದು ಪ್ರೋಟೀನಿಗೆ ಫಾಸ್ಫೇಟ್ ಸೇರಿದರೆ ಅದರ ಚುಕ್ಕೆ ಆಮ್ಲೀಯ ಬದಿಗೆ ಸರಿದು ನಿಲ್ಲುವುದನ್ನು ಇಡೀ ಪ್ರೋಟೀನಿನ ರೂಪದಲ್ಲೇ ಕಣ್ಣಾರೆ ನೋಡಬಹುದು. ಪ್ರೋಟೀನನ್ನು ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್‌ನಿಂದ ತುಂಡರಿಸಿದ ಮೇಲೆ ಆ ಚಿತ್ರ ಉಳಿಯುವುದಿಲ್ಲ.

ನನ್ನ ಮೊದಲ ಮಾದರಿಯನ್ನು ಅವರು ಹಿಂದಕ್ಕೆ ಕಳುಹಿಸಿದರು. ಉಪ್ಪಿನಂಶ ಹೆಚ್ಚಿದ್ದರೆ ವಿದ್ಯುತ್ತನ್ನು ಉಪ್ಪೇ ಹೊತ್ತೊಯ್ಯುತ್ತದೆ, ವೋಲ್ಟೇಜ್ ಏರುವುದಿಲ್ಲ. ಹಣ ಪಡೆದು ಕೆಟ್ಟ ಜೆಲ್ ಕೊಡುವ ಬದಲು ಅಲ್ಲಿನ ತಂತ್ರಜ್ಞೆ ನನ್ನನ್ನು ಕೂರಿಸಿಕೊಂಡು, ಎಲೆಯನ್ನು ದ್ರವ ಸಾರಜನಕದಲ್ಲಿ ಅರೆದು, ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಬೆರೆಸಿದ ಅಸಿಟೋನಿನಲ್ಲಿ ಪ್ರೋಟೀನನ್ನು ಒತ್ತರಿಸಿ (ಕರಗಿದ ಸ್ಥಿತಿಯಿಂದ ಗಟ್ಟಿಯಾಗಿ ಬೇರ್ಪಡುವಂತೆ ಮಾಡಿ), ತಣ್ಣನೆಯ ಅಸಿಟೋನಿನಿಂದ ಮತ್ತೆ ಮತ್ತೆ ತೊಳೆಯುವ ಕ್ರಮವನ್ನು ತಿಳಿಸಿಕೊಟ್ಟರು. ಯೂರಿಯಾ ಇರುವ ದ್ರಾವಣವನ್ನು ಬಿಸಿ ಮಾಡಬೇಡಿ, ಬಿಸಿಯಾದರೆ ಅದರಿಂದ ಹುಟ್ಟುವ ಸಯನೇಟ್ ಪ್ರೋಟೀನಿಗೆ ಅಂಟಿ ಆವೇಶವನ್ನೇ ಬದಲಿಸುತ್ತದೆ ಎಂದೂ ಎಚ್ಚರಿಸಿದರು. ಈ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಈ ಅರ್ಧ ಗಂಟೆ.

ಎರಡನೆಯ ಬಾರಿ ಪಿಎಚ್ 4ರಿಂದ 7ರ, 18 ಸೆಂಟಿಮೀಟರ್ ಉದ್ದದ ಜೆಲ್ ಪಟ್ಟಿಯನ್ನು ಮೊದಲ ಹಂತಕ್ಕೆ ಬಳಸಿದರು. ಎಣ್ಣೆಯಡಿಯಲ್ಲಿ ಮುಳುಗಿದ್ದ ಪಟ್ಟಿಯ ಮೇಲೆ ಬ್ರೋಮೋಫಿನಾಲ್ ನೀಲಿ ಎಂಬ ಗುರುತು ಬಣ್ಣದ ಗೆರೆ ಧನಾಗ್ರದ ಕಡೆಗೆ ನಿಧಾನವಾಗಿ ಸರಿದು ತುದಿಯಲ್ಲಿ ಹಳದಿಯಾದುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಸಿದ್ಧವಾದ ಜೆಲ್‌ನಲ್ಲಿ, ಎಲೆಯಲ್ಲಿ ಹೇರಳವಾಗಿರುವ ರುಬಿಸ್ಕೋ ಎಂಬ ಪ್ರೋಟೀನಿನ ದೊಡ್ಡ ಉಪಘಟಕದ ದಪ್ಪ ಕಲೆಯ ಮೇಲ್ಗಡೆ, ಒಂದೇ ಎತ್ತರದಲ್ಲಿ ನಾಲ್ಕು ಚುಕ್ಕೆಗಳು ಮಣಿ ಪೋಣಿಸಿದಂತೆ ಕುಳಿತಿದ್ದವು. ನೀರು ಕಡಿಮೆಯಾದ ಗಿಡದ ಮಾದರಿಯಲ್ಲಿ ಎಡತುದಿಯದು, ಅಂದರೆ ಆಮ್ಲೀಯ ಬದಿಯದು, ಸ್ಪಷ್ಟವಾಗಿ ಗಾಢವಾಗಿತ್ತು. ರುಬಿಸ್ಕೋ ಅಕ್ಕಪಕ್ಕದ ಚುಕ್ಕೆಗಳನ್ನು ಮುಚ್ಚುವುದು ಎಲೆಯ ಸ್ವಭಾವವೇ ಹೊರತು ಪ್ರಯೋಗಾಲಯದ ತಪ್ಪಲ್ಲ.

ತಪ್ಪು ನಡೆದದ್ದು ಬಣ್ಣ ಹಾಕುವಾಗ. ಚುಕ್ಕೆಗಳನ್ನು ಕತ್ತರಿಸಿ, ತುಣುಕುಗಳ ತೂಕದಿಂದ ಪ್ರೋಟೀನನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಒಯ್ಯುತ್ತೇನೆಂದು ಮೊದಲೇ ಹೇಳಿದ್ದರೂ ಗ್ಲುಟರಾಲ್ಡಿಹೈಡ್ ಇರುವ ಬೆಳ್ಳಿ ಬಣ್ಣವನ್ನು ಬಳಸಿಬಿಟ್ಟಿದ್ದರು. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುವುದರಿಂದ ಗುರುತಿಸಬಲ್ಲ ಪೆಪ್ಟೈಡುಗಳು (ಪ್ರೋಟೀನಿನ ಸಣ್ಣ ತುಣುಕುಗಳು) ಸಿಗಲಿಲ್ಲ. ಶುಲ್ಕವಿಲ್ಲದೆ ಕೂಮಾಸಿ ಬಣ್ಣದಲ್ಲಿ ಮತ್ತೆ ಮಾಡಿಕೊಟ್ಟರೆಂಬುದು ನಿಜವಾದರೂ, ಮೂರು ವಾರ ಮತ್ತು ಅಮೂಲ್ಯವಾದ ಮಾದರಿ ಹೋದವು. ಸೈ2, ಸೈ3, ಸೈ5 ಬಣ್ಣಗಳಿಂದ ಒಂದೇ ಜೆಲ್‌ನಲ್ಲಿ ಮಾದರಿಗಳನ್ನು ಹೋಲಿಸುವ ಡೈಜ್ ಸೌಲಭ್ಯ ಇವರಲ್ಲಿಲ್ಲ. ಪೊರೆಯ ಪ್ರೋಟೀನುಗಳ ಮೇಲೆ ಕೆಲಸ ಮಾಡುವವರು ಈ ವಿಧಾನವನ್ನೇ ನೆಚ್ಚಿಕೊಳ್ಳಬಾರದು. ಅವು ಮೊದಲ ಹಂತದಲ್ಲೇ ಪಟ್ಟಿಯೊಳಗೆ ಒತ್ತರಿಸಿ ನಿಲ್ಲುತ್ತವೆ.

ಮುಂದಿನ ಹಿಂಗಾರಿನ ಮಾದರಿಗಳನ್ನೂ ಇವರಿಗೇ ಕೊಡಲಿದ್ದೇನೆ. ಯಾವ ಬಣ್ಣ ಬಳಸಬೇಕೆಂಬುದನ್ನು ಮಾತ್ರ ಅರ್ಜಿಯ ಮೇಲೆ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ.