ಮೊದಲ ಸ್ಲಾಲಂ ಬೋರ್ಡ್: ಸರ್ಫ್‌ಸ್ಕೇಟ್, ಲಾಂಗ್‌ಬೋರ್ಡ್, ಇಲ್ಲವೇ ಬೆಣೆ ಹಾಕಿದ ಕಿರಿದಾದ ಟ್ರಕ್?

ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಸ್ಕೇಟ್‌ಬೋರ್ಡಿನಲ್ಲಿ ಅಂಕುಡೊಂಕಾಗಿ ಓಡುವುದೇ ಸ್ಲಾಲಂ. ಅದಕ್ಕೆ ಮೊದಲ ಬೋರ್ಡ್ ಯಾವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮೂರನೆಯದಕ್ಕೆ: ಸುಮಾರು 11 ಸೆಂ.ಮೀ. ಹ್ಯಾಂಗರಿನ (ಚಕ್ರಗಳ ಅಚ್ಚು ಹೊತ್ತ ಅಡ್ಡತುಂಡು) ಒಂದು ಜೊತೆ ಸಾದಾ ಟ್ರಕ್ (ಬೋರ್ಡಿನಡಿ ಚಕ್ರ ಹಿಡಿದು ತಿರುಗುವ ಲೋಹದ ಭಾಗ), ಟ್ರಕ್ಕಿಗೂ ಡೆಕ್ಕಿಗೂ ನಡುವೆ ಇಡುವ 10 ಡಿಗ್ರಿಯ ಎರಡು ಬೆಣೆ, ಹೆಚ್ಚು ಬಳುಕದ ಡೆಕ್ (ಕಾಲಿಡುವ ಹಲಗೆ). 1.8 ಮೀಟರ್‌ಗೊಂದರಂತೆ ಇಟ್ಟ ಹನ್ನೆರಡು ಕೋನ್‌ಗಳ ಸಾಲಿನಲ್ಲಿ ಮೂರನ್ನೂ ಓಡಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತು.

ಸರ್ಫ್‌ಸ್ಕೇಟ್‌ನ ಮುಂದಿನ ಟ್ರಕ್ ಸ್ಪ್ರಿಂಗ್ ತೋಳಿನ ಮೇಲೆ ಎಡಬಲಕ್ಕೆ ತಿರುಗುತ್ತದೆ. ಹಾಗಾಗಿ ಕಾಲು ನೆಲಕ್ಕೆ ತಾಗಿಸದೆ, ಮೈ ತಿರುಗಿಸಿಯೇ ವೇಗ ಹುಟ್ಟಿಸುವುದು ಮೊದಲ ದಿನವೇ ಒಲಿಯುತ್ತದೆ. ನಾಲ್ಕೈದು ಕೋನ್ ದಾಟಿ ವೇಗ ಏರಿತೋ, ಅದೇ ಗುಣ ಕಾಟ ಕೊಡಲು ಶುರು. ಮೂತಿ ಬೇಕಾದ್ದಕ್ಕಿಂತ ಹೆಚ್ಚು ಹೊರಳುತ್ತದೆ, ನೇರಕ್ಕೆ ಮರಳುವಷ್ಟರಲ್ಲಿ ಮುಂದಿನ ಕೋನ್ ಚಕ್ರದಡಿ ಸಿಕ್ಕಿರುತ್ತದೆ.

ಲಾಂಗ್‌ಬೋರ್ಡ್‌ನ ತೊಂದರೆ ಬೇರೆ. 18 ಸೆಂ.ಮೀ. ಅಗಲದ ಹ್ಯಾಂಗರ್, ಎರಡೂ ತುದಿಗೆ ಒಂದೇ ಕೋನದ ಟ್ರಕ್. ಮೂತಿ ಒಳಕ್ಕೆ ತಿರುಗಿದಷ್ಟೇ ಬಾಲ ಹೊರಕ್ಕೆ ಬೀಸುತ್ತದೆ, ಹಿಂದಿನ ಚಕ್ರ ಕೋನ್ ಬೀಳಿಸುತ್ತದೆ. ಸ್ಲಾಲಂನಲ್ಲಿ ತಿರುಗುವ ಕೆಲಸ ಮುಂದಿನ ಟ್ರಕ್‌ನದು. ಹಿಂದಿನದು ನೆಲ ಹಿಡಿದು ಹಿಂಬಾಲಿಸಬೇಕು.

ಬೆಣೆ ಬೇಕಾಗುವುದು ಇದಕ್ಕೇ. ಟ್ರಕ್ಕಿನ ತಿರುಗು ಅಕ್ಷ ಡೆಕ್ಕಿಗೆ 45 ಡಿಗ್ರಿಯಲ್ಲಿದ್ದರೆ ವಾಲಿದಷ್ಟೇ ತಿರುಗುತ್ತದೆ. ಬೆಣೆಯಿಂದ ಮುಂದಿನದನ್ನು 55 ಡಿಗ್ರಿಗೆ ಏರಿಸಿದರೆ ಅದರ 1.43 ಪಟ್ಟು, ಹಿಂದಿನದನ್ನು 35ಕ್ಕೆ ಇಳಿಸಿದರೆ 0.70 ಪಟ್ಟು. ಅಂದರೆ ಮುಂದಿನದು ಹಿಂದಿನದಕ್ಕಿಂತ ಎರಡು ಪಟ್ಟು ಚುರುಕು.

ಆದರೆ ಹೊಸಬರು ಎಡವುವುದೂ ಈ ಬೆಣೆಯಲ್ಲೇ. ಎರಡು ಟ್ರಕ್ ಒಂದಕ್ಕೊಂದು ಎದುರುಬದುರಾಗಿ ಕೂರುತ್ತವಲ್ಲ, ಬೆಣೆಯನ್ನೂ ಹಾಗೆಯೇ ಕೂರಿಸಿಬಿಡುತ್ತಾರೆ, ದಪ್ಪ ಅಂಚು ಎರಡೂ ಕಡೆ ನಡುವಿಗೆ. ಆಗ ಹಿಂದಿನ ಟ್ರಕ್ಕೂ 1.43ಕ್ಕೆ ಏರುತ್ತದೆ, ಸ್ವಲ್ಪ ವೇಗ ಬಂದರೆ ಬಾಲ ಅಲ್ಲಾಡತೊಡಗುತ್ತದೆ. ಬಾಲ ಅಲ್ಲಾಡಿದರೆ ಟ್ರಕ್ಕಿನ ನಡುವಿನ ನಟ್ ಬಿಗಿ ಮಾಡುವುದೇ ಎಲ್ಲರ ಮೊದಲ ಮದ್ದು; ಅದರಿಂದ ಬೋರ್ಡ್ ಮರಗಟ್ಟುತ್ತದೆ, ಅಲ್ಲಾಟ ನಿಲ್ಲುವುದಿಲ್ಲ. ಸರಿಯಾದ ಕ್ರಮ ಇಷ್ಟೇ: ಎರಡೂ ಬೆಣೆಯ ದಪ್ಪ ಅಂಚು ಬಾಲದ ಕಡೆಗಿರಲಿ.

ಇನ್ನು ಬೋಲ್ಟ್. ಬೇಸ್‌ಪ್ಲೇಟಿನ (ಟ್ರಕ್ಕನ್ನು ಡೆಕ್ಕಿಗೆ ಬಿಗಿಯುವ ತಟ್ಟೆ) ಮುಂದಿನ, ಹಿಂದಿನ ತೂತುಗಳ ನಡುವೆ 54 ಮಿ.ಮೀ. ಅಂತರವಿದ್ದರೆ, 10 ಡಿಗ್ರಿಯ ಬೆಣೆ ಇಟ್ಟಾಗ ಎತ್ತರದಲ್ಲಿ ಹತ್ತಿರ ಹತ್ತಿರ 9.5 ಮಿ.ಮೀ. ವ್ಯತ್ಯಾಸ ಬರುತ್ತದೆ. ಎಂಟೂ ಬೋಲ್ಟ್ ಗಿಡ್ಡದಾದರೆ ದಪ್ಪ ಕಡೆ ನಟ್‌ಗೆ ಎಳೆ ಸಿಗುವುದಿಲ್ಲ, ಎಂಟೂ ಉದ್ದವಾದರೆ ತೆಳು ಕಡೆ ಉಳಿದ ತುದಿ ವಾಲಿದಾಗ ಹ್ಯಾಂಗರಿಗೆ ತಾಗಬಹುದು. ಪ್ರತಿ ಟ್ರಕ್ಕಿಗೆ ಬಾಲದ ಕಡೆ ಒಂದು ಜೊತೆ ಉದ್ದದ್ದು, ಮೂತಿಯ ಕಡೆ ಒಂದು ಜೊತೆ ಗಿಡ್ಡದ್ದು ಎಂದು ಎರಡು ಅಳತೆಯಲ್ಲಿ ಕೊಳ್ಳಿ. ಬೇಸ್‌ಪ್ಲೇಟ್ ಓರೆಯಾಗಿರುವುದರಿಂದ ನಟ್ ಒಂದೇ ಅಂಚಿನ ಮೇಲೆ ಕೂರುತ್ತದೆ, ಬೇಗ ಸಡಿಲವಾಗುತ್ತದೆ. ನೈಲಾನ್ ಒಳಬಳೆಯ ನಟ್ ಹಾಕಿ, ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ರಬ್ಬರಿನ ಬೆಣೆ ಬೇಡ, ಅದು ಅಮುಕಿಕೊಳ್ಳುತ್ತಲೇ ಇರುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದೇ ಆಗಲಿ.

ಚಕ್ರ: 66ರಿಂದ 70 ಮಿ.ಮೀ., 80ಎ ಆಸುಪಾಸು (ಇದು ಗಡಸಿನ ಅಳತೆ, ಸಂಖ್ಯೆ ಏರಿದಷ್ಟೂ ಗಟ್ಟಿ), ನಾಲ್ಕೂ ಒಂದೇ ಬಗೆಯವು. ಟ್ರಕ್‌ಗಳ ನಡುವೆ 45ರಿಂದ 50 ಸೆಂ.ಮೀ. ಬೇರಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡೆಕ್ ಮೇಲೆ ನಿಂತು ಪೂರ್ತಿ ವಾಲಿ ನೋಡಿ, ಚಕ್ರ ಡೆಕ್ಕಿಗೆ ತಾಗಿದರೆ ಬೆಣೆಯ ಜೊತೆ 6 ಮಿ.ಮೀ. ರೈಸರ್ (ಎಲ್ಲೆಡೆ ಒಂದೇ ದಪ್ಪದ ಪಟ್ಟಿ) ಸೇರಿಸಿ.

ಕೈಯಲ್ಲಿ ಈಗಾಗಲೇ ಲಾಂಗ್‌ಬೋರ್ಡ್ ಇದ್ದು ಹಣ ಬಿಗಿಯಾಗಿದ್ದರೆ, ಅದಕ್ಕೇ ಬೆಣೆ ಹಾಕಿ ಕೋನ್‌ಗಳನ್ನು 2.5 ಮೀಟರ್ ದೂರ ಇಟ್ಟುಕೊಂಡು ಕಲಿಯಿರಿ. ಸ್ಲಾಲಂಗೆಂದೇ ಕಡೆದು ಮಾಡಿದ ದುಬಾರಿ ಟ್ರಕ್ ನಿಜಕ್ಕೂ ಚೆನ್ನ, ಆದರೆ ಅದರ ನಿಖರತೆ ಕಾಲಿಗೆ ತಿಳಿಯಲು ಒಂದು ವರ್ಷದ ಅಭ್ಯಾಸವಾದರೂ ಬೇಕು. ಆ ದುಡ್ಡಲ್ಲಿ ಎರಡು ಮೂರು ಬಗೆಯ ಗಡಸಿನ ಬುಶಿಂಗ್ (ಟ್ರಕ್ ವಾಲುವಾಗ ಅಮುಕುವ ಮೆತ್ತೆ) ತಂದಿಟ್ಟುಕೊಳ್ಳಿ. 60–70 ಕೆ.ಜಿ. ತೂಕದವರು ಮುಂದೆ 80–85ಎ, ಹಿಂದೆ 90ಎ ದಾಟಿದ್ದು ಹಾಕಿ ಶುರು ಮಾಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ.