ಬಿ.ಫಾರ್ಮ್ ಮೊದಲ ಸೆಮಿಸ್ಟರ್ ಕಿಟ್: ಪುಸ್ತಿಕೆ ತಗೊಳ್ಳಿ, ರೆಕಾರ್ಡ್ ಬಿಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಪುಸ್ತಕದಂಗಡಿಯಲ್ಲಿ ಸಿಗುವ ಈ ಕಿಟ್‌ನಲ್ಲಿ ಏಪ್ರನ್, ನಿಯಮಗಳ ಕನ್ನಡ ಪುಸ್ತಿಕೆ, ಮುದ್ರಿತ ಲ್ಯಾಬ್ ರೆಕಾರ್ಡ್ ಇವೆ. ಏಪ್ರನ್ ಬಟ್ಟೆ ಗಟ್ಟಿ.

ಪುಸ್ತಿಕೆ ನಿಜಕ್ಕೂ ಉಪಯುಕ್ತ. ಪಿಸಿಐನ (ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ) 2014ರ ನಿಯಮಾವಳಿಯನ್ನು ಸರಿಯಾಗಿ ಬಿಡಿಸಿದ್ದಾರೆ: ಥಿಯರಿಗೆ ಇಂಟರ್ನಲ್ 25, ಪರೀಕ್ಷೆ 75; ಪಾಸಾಗಲು ಎರಡೂ ಸೇರಿ 50%. ಹಾಜರಾತಿ 80% ಇದ್ದರೆ ಪರೀಕ್ಷೆಗೆ ಕೂರಬಹುದು, ಆದರೆ ಹಾಜರಾತಿಯ 4 ಅಂಕಗಳಲ್ಲಿ ಸಿಗುವುದು ಒಂದೇ. ಪೂರ್ತಿ ಬೇಕಾದರೆ ಕನಿಷ್ಠ 95% ಇರಬೇಕು. ಒಂದು ಮತ್ತು ಎರಡನೇ ಸೆಮಿಸ್ಟರಿನ ಎಲ್ಲ ವಿಷಯ ಮುಗಿಸದೆ ಐದಕ್ಕೆ ಪ್ರವೇಶವಿಲ್ಲ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿದ್ದು ಬಹಳ ಒಳ್ಳೆಯದಾಯಿತು. ಹಲವರು ಎಡವುವುದೇ ಅಲ್ಲಿ.

ರೆಕಾರ್ಡ್ ಮಾತ್ರ ಬೇಡವೇ ಬೇಡ. ಸಿಂಪಲ್ ಸಿರಪ್‌ಗೆ (ಔಷಧಗಳಿಗೆ ಬಳಸುವ ಸಕ್ಕರೆ ಪಾಕ) '66.7 ಗ್ರಾಂ ಸಕ್ಕರೆ, ನೀರು ಸೇರಿಸಿ 100 ಮಿ.ಲೀ.' ಎಂದು ಅಚ್ಚಾಗಿದೆ. ಐಪಿ (ಇಂಡಿಯನ್ ಫಾರ್ಮಕೋಪಿಯಾ) ಪ್ರಕಾರ ಅದು ತೂಕಕ್ಕೆ ತೂಕ: ಒಟ್ಟು 100 ಗ್ರಾಂ ಆಗಬೇಕು. ಮಿ.ಲೀ. ಲೆಕ್ಕದಲ್ಲಿ ಮಾಡಿದರೆ ಸಿರಪ್ ತೆಳುವಾಗಿ ಬೂಸ್ಟು ಹಿಡಿಯುತ್ತದೆ. ಬೀಕರನ್ನು ಮೊದಲೇ ತೂಗಿಟ್ಟು, ಸಕ್ಕರೆ ಕರಗಿ ತಣ್ಣಗಾದ ಮೇಲೆ ನೀರು ಹಾಕಿ ತೂಕ ಸರಿದೂಗಿಸಿ. ಪ್ರಾಕ್ಟಿಕಲ್ ಇಂಟರ್ನಲ್‌ನ 15ರಲ್ಲಿ 3 ಅಂಕ ರೆಕಾರ್ಡ್ ಮತ್ತು ವೈವಾಕ್ಕೇ (ಮೌಖಿಕ ಪರೀಕ್ಷೆ) ಇವೆ. ತಪ್ಪು ಅಚ್ಚನ್ನು ನಕಲು ಮಾಡಿದವರು ವೈವಾದಲ್ಲಿ ಸಿಕ್ಕಿಬೀಳುತ್ತಾರೆ. ಪುಸ್ತಿಕೆಯನ್ನು ಬಿಡಿಯಾಗಿಯೂ ಕೊಡುತ್ತಾರೆ, ಕೇಳಿ ನೋಡಿ.